ಸೊನ್ನೆ ಎಲ್ಲಿಂದ ಬಂತು?

ನಾಲ್ಕನೇ ತರಗತಿಯಲ್ಲಿ ಓದುವ ಅಕ್ಕನ ಮಗಳು ಮೊನ್ನೆ ಮನೆಪಾಠ ಬರೆಯುತ್ತಿದ್ದಳು. 648ನ್ನು 6ರಿಂದ ಭಾಗಿಸಬೇಕು. ಆರೊಂದ್ಲಿ ಆರು ಎಂದು ಮೊದಲ ಅಂಕಿ ಬರೆದಳು. ನಾಲ್ಕರಲ್ಲಿ ಆರು ಹೋಗುವುದಿಲ್ಲ, ಎಂಟನ್ನು ಇಳಿಸಿಕೊಂಡಳು, ನಲವತ್ತೆಂಟಾಯಿತು, ಆರೆಂಟ್ಲಿ ನಲವತ್ತೆಂಟು. ಉತ್ತರ 18. ಮಗ್ಗಿಯಲ್ಲಿ ಒಂದೂ ತಪ್ಪಿಲ್ಲ. ಆಮೇಲೆ ನನ್ನ ಫೋನು ಕಸಿದುಕೊಂಡು ಅದೇ ಲೆಕ್ಕ ಒತ್ತಿದಳು. 108 ಬಂತು. ಹುಬ್ಬು ಕೂಡ ಏರಿಸದೆ, ರಬ್ಬರಿನಲ್ಲಿ ಉಜ್ಜಿ, 1 ಮತ್ತು 8ರ ನಡುವೆ ಒಂದು ಸೊನ್ನೆ ತುರುಕಿದಳು.

"ಆ ಸೊನ್ನೆ ಎಲ್ಲಿಂದ ಬಂತೇ?" ಎಂದೆ.

"ಫೋನಿಂದ, ಮಾಮ."

ಫೋನು ಸುಳ್ಳು ಹೇಳಲಿಲ್ಲ, ಅವಳ ಮಗ್ಗಿಯೂ ಕೈಕೊಡಲಿಲ್ಲ. ಕೈಕೊಟ್ಟದ್ದು 648ರೊಳಗೆ ಆರು ನೂರಿದೆ ಎಂಬ ಎಚ್ಚರ. ಆರು ನೂರು ರೂಪಾಯಿಯನ್ನು ಆರು ಜನಕ್ಕೆ ಹಂಚಿದರೆ ತಲೆಗೆ ನೂರು. ಮಿಕ್ಕಿದ್ದು ಎಷ್ಟೇ ಇರಲಿ, ಉತ್ತರ ನೂರಕ್ಕಿಂತ ಕೆಳಗಿಳಿಯುವ ಮಾತೇ ಇಲ್ಲ. ಈ ಎಚ್ಚರವಿದ್ದ ಮಗು 18 ಎಂದು ಬರೆದ ಕೂಡಲೇ ಒಮ್ಮೆ ತಡೆದು ನೋಡುತ್ತದೆ. ಪ್ರಾಥಮಿಕ ಶಾಲೆಯಲ್ಲಿ ಕ್ಯಾಲ್ಕುಲೇಟರ್ ಇರಬೇಕೋ ಬೇಡವೋ ಎಂಬ ಹಳೇ ಜಗಳವನ್ನು ನಾನು ಈ ಒಂದು ಸೊನ್ನೆಯ ಕಿಂಡಿಯಿಂದ ನೋಡಬೇಕೆಂದಿದ್ದೇನೆ.

ನಮ್ಮ ರಾಜ್ಯದ ಮಟ್ಟಿಗೆ ಈ ಜಗಳ ಸರಿಯಾಗಿ ಶುರುವಾಗಿಯೇ ಇಲ್ಲ. ತರಗತಿಯಲ್ಲಿ ಕ್ಯಾಲ್ಕುಲೇಟರ್ ಇಲ್ಲ, ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಗೂ ಒಯ್ಯುವಂತಿಲ್ಲ. ಸಿಬಿಎಸ್‌ಇ ಹತ್ತನೇ ತರಗತಿಯಲ್ಲೂ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಬಿಟ್ಟರೆ ಉಳಿದವರಿಗೆ ಅದೇ ಕಥೆ. ಸಿಇಟಿಗೂ ಇಲ್ಲ. ಸಿಐಎಸ್‌ಸಿಇ ಮಂಡಳಿಯೊಂದು ತನ್ನ ಐಎಸ್‌ಸಿ ಹನ್ನೆರಡನೇ ತರಗತಿಗೆ ಕ್ಯಾಸಿಯೋ ಎಫ್‌ಎಕ್ಸ್-82 ಮಾದರಿಯನ್ನು ಬಿಟ್ಟುಕೊಂಡಿದೆ. ಆಮೇಲೆ ಎಂಜಿನಿಯರಿಂಗ್ ಮೊದಲ ವರ್ಷಕ್ಕೆ ಕಾಲಿಟ್ಟ ದಿನವೇ ಎಲ್ಲರ ಚೀಲದಲ್ಲೂ ಸೈಂಟಿಫಿಕ್ ಕ್ಯಾಲ್ಕುಲೇಟರ್ ಇರುತ್ತದೆ. ಅದನ್ನು ಬಳಸುವುದು ಹೇಗೆಂದು ಯಾವ ಮೇಷ್ಟ್ರೂ ಕಲಿಸಿರುವುದಿಲ್ಲ. ಎಂಜಿನಿಯರಿಂಗ್ ಸ್ನಾತಕೋತ್ತರ ಪ್ರವೇಶದ ಗೇಟ್ ಪರೀಕ್ಷೆಯಲ್ಲಂತೂ ಕಂಪ್ಯೂಟರ್ ಪರದೆಯ ಮೇಲೇ ಒಂದು ಕ್ಯಾಲ್ಕುಲೇಟರ್ ಕೊಟ್ಟಿರುತ್ತಾರೆ.

ಇದೆಲ್ಲ ಶಾಲೆಯೊಳಗಿನ ಮಾತು. ಮನೆಯ ಮಾತು ಬೇರೆ. ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನು ಅಳೆಯುವ 'ಅಸರ್' ವರದಿಯ 2024ರ ಸುತ್ತಿನಲ್ಲಿ, 14ರಿಂದ 16 ವರ್ಷದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಅದನ್ನು ಬಳಸಲು ಬರುತ್ತದೆ ಎಂದವರು ಶೇ 82ರಷ್ಟು. ದೊಡ್ಡ ಮಕ್ಕಳ ಕೈಯಲ್ಲಿರುವ ಫೋನು ಅದೇ ಮನೆಯ ಚಿಕ್ಕವರ ಕೈಗೆ ಹೋಗದೆ ಇರುತ್ತದೆಯೇ? ಒತ್ತುವ ಶ್ರಮವೂ ಈಗ ಬೇಡ, ಬಾಯಲ್ಲಿ ಕೇಳಿದರೆ ಸಾಕು. ಪುಸ್ತಕದ ಪುಟಕ್ಕೆ ಕ್ಯಾಮೆರಾ ಹಿಡಿದರೆ ಹಂತ ಹಂತವಾಗಿ ಬಿಡಿಸಿ ತೋರಿಸುವ ಫೋಟೋಮ್ಯಾಥ್‌ನಂಥ ಆ್ಯಪ್‌ಗಳಿವೆ. ಬೇಲಿಯೇ ಇಲ್ಲದ ಹೊಲಕ್ಕೆ ಗೇಟು ಹಾಕಿ ಬೀಗ ಜಡಿದ ಹಾಗಿದೆ ಶಾಲೆಯ ನಿಷೇಧ.

ಆ ಬೀಗ ಏನನ್ನು ಕಾಪಾಡಿದೆ ಎಂದೂ ನೋಡೋಣ. ಅಸರ್ ತಂಡ ಮನೆಗೆ ಬಂದು ಮಗುವಿನ ಮುಂದೆ ಎರಡು ಬಗೆಯ ಲೆಕ್ಕ ಇಡುತ್ತದೆ. ಒಂದು, ದಶಕ ತರಬೇಕಾದ ಎರಡಂಕಿಯ ವ್ಯವಕಲನ. ಇನ್ನೊಂದು, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವುದು, ಅಂದರೆ ನಮ್ಮ 648 ಭಾಗಿಸು 6ರ ಜಾತಿಯದ್ದೇ. 2024ರಲ್ಲಿ ಮೂರನೇ ತರಗತಿಯ ಮಕ್ಕಳಲ್ಲಿ ಕಳೆಯುವ ಲೆಕ್ಕ ಮಾಡಿದವರು ಶೇ 33.7, ಐದನೇ ತರಗತಿಯಲ್ಲಿ ಭಾಗಾಕಾರ ಮಾಡಿದವರು ಶೇ 30.7. ಅದಕ್ಕೂ ಒಂದು ವರ್ಷ ಮೊದಲು 14ರಿಂದ 18 ವರ್ಷದವರಿಗೆ ಅದೇ ಭಾಗಾಕಾರ ಕೊಟ್ಟಾಗ ಬಿಡಿಸಿದವರು ಅರ್ಧಕ್ಕಿಂತ ಕಡಿಮೆ, ಶೇ 43.3. ಈ ಮಕ್ಕಳ ತರಗತಿಗೆ ಯಾರೂ ಕ್ಯಾಲ್ಕುಲೇಟರ್ ತಂದಿರಲಿಲ್ಲ. ಹಾಗಾಗಿ "ಕ್ಯಾಲ್ಕುಲೇಟರ್ ಬಂದು ಮಕ್ಕಳ ಲೆಕ್ಕ ಹಾಳಾಯಿತು" ಎನ್ನುವವರು ನಮ್ಮ ನಾಡಿನ ಮಟ್ಟಿಗಾದರೂ ಬೇರೆ ಕಾರಣ ಹುಡುಕಬೇಕು. ನಾಳೆ ಎಲ್ಲ ಶಾಲೆಗೂ ಒಂದೊಂದು ಡಬ್ಬಿ ಕ್ಯಾಲ್ಕುಲೇಟರ್ ಕಳಿಸಿದರೆ ಈ ಅಂಕಿ ಏರುತ್ತದೆ ಎಂದೂ ನಾನು ಹೇಳುತ್ತಿಲ್ಲ.

ಹೊರದೇಶಗಳಲ್ಲಿ ಈ ಚರ್ಚೆ ಬಹಳ ಹಿಂದೆಯೇ ಕಾವೇರಿದೆ. ಅಮೆರಿಕದ ಗಣಿತ ಶಿಕ್ಷಕರ ರಾಷ್ಟ್ರೀಯ ಮಂಡಳಿ 1980ರಲ್ಲೇ ಎಲ್ಲ ತರಗತಿಗಳಲ್ಲೂ ಕ್ಯಾಲ್ಕುಲೇಟರ್ ಬಳಸಿ ಎಂದು ಸಲಹೆ ಕೊಟ್ಟಿತು. ಪೋಷಕರು ಗಾಬರಿಯಾದರು, ಸಂಶೋಧಕರು ಅಳೆಯಲು ಹೊರಟರು. 1986ರಲ್ಲಿ ರೇ ಹೆಂಬ್ರೀ ಮತ್ತು ಡೊನಾಲ್ಡ್ ಡೆಸಾರ್ಟ್ ಎಂಬಿಬ್ಬರು ಅಲ್ಲಿವರೆಗಿನ 79 ಅಧ್ಯಯನಗಳನ್ನು ಒಟ್ಟಿಗೆ ಹರವಿಕೊಂಡು ಕೂತರು. ಮಾಮೂಲಿ ಪಾಠದ ಜೊತೆಗೆ ಕ್ಯಾಲ್ಕುಲೇಟರ್ ಬಳಸಿದ ಮಕ್ಕಳ ಕೈಲೆಕ್ಕ ಕೆಟ್ಟಿರಲಿಲ್ಲ, ಸಾಧಾರಣ ವಿದ್ಯಾರ್ಥಿಗಳದ್ದು ಸ್ವಲ್ಪ ಸುಧಾರಿಸಿಯೂ ಇತ್ತು. ಗಣಿತದ ಬಗ್ಗೆ ಅಳುಕು ಕಡಿಮೆಯಾಗಿತ್ತು. ಆದರೆ ಒಂದೇ ಒಂದು ತರಗತಿ ಈ ಸಾಲಿನಿಂದ ಹೊರಗೆ ನಿಂತಿತು. ನಾಲ್ಕನೇ ತರಗತಿಯಲ್ಲಿ ಸತತವಾಗಿ ಕ್ಯಾಲ್ಕುಲೇಟರ್ ಬಳಸಿದ ಸಾಧಾರಣ ಮಕ್ಕಳ ಮೂಲಲೆಕ್ಕಕ್ಕೆ ಪೆಟ್ಟು ಬಿದ್ದಂತೆ ಕಂಡಿತು.

ಪರ ವಹಿಸಿ ಮಾತಾಡುವವರು ಈ ನಾಲ್ಕನೇ ತರಗತಿಯನ್ನು ಮೆಲ್ಲಗೆ ದಾಟಿ ಹೋಗುತ್ತಾರೆ. ವಿರೋಧಿಸುವವರು ಅದನ್ನೊಂದೇ ಹಿಡಿದು ಕೂರುತ್ತಾರೆ. ನನಗೆ ಅದರ ಕಾರಣ ಮುಖ್ಯ ಅನಿಸುತ್ತದೆ. ಮೂರನೇ ತರಗತಿಯವರೆಗೆ ಮಗು ಬೆರಳು ಮಡಚಿ, ಕಡ್ಡಿ ಎಣಿಸಿ, ಗೆರೆ ಎಳೆದು ಹೇಗೋ ನಿಭಾಯಿಸುತ್ತದೆ. ನಾಲ್ಕರಲ್ಲಿ ಸಂಖ್ಯೆಗಳು ಸಾವಿರಕ್ಕೆ ಏರುತ್ತವೆ, ಗುಣಾಕಾರ ಭಾಗಾಕಾರ ಉದ್ದವಾಗುತ್ತವೆ, ಬೆರಳು ಸಾಲುವುದಿಲ್ಲ. ಎಣಿಕೆಯನ್ನು ಬಿಟ್ಟು ನೆನಪಿನ ಮೇಲೆ ಭಾರ ಹಾಕುವುದನ್ನು ಮಗು ಕಲಿಯುವ ವರ್ಷ ಅದು. ಏಳೆಂಟ್ಲಿ ಐವತ್ತಾರು ಎಂಬುದು ನಾಲಿಗೆಯ ತುದಿಯಲ್ಲಿಲ್ಲದ ಮಗು ಭಾಗಾಕಾರದ ನಡುವೆ ಏಳನ್ನು ಎಂಟು ಸಲ ಕೂಡುತ್ತ ಹೋಗುತ್ತದೆ. ಕೂಡಿ ಮುಗಿಯುವಷ್ಟರಲ್ಲಿ ತಾನು ಎಲ್ಲಿದ್ದೆ, ಯಾವ ಅಂಕಿ ಇಳಿಸಬೇಕಿತ್ತು ಎಂಬುದೇ ಮರೆತುಹೋಗಿರುತ್ತದೆ. ತಲೆಯಲ್ಲಿ ಒಮ್ಮೆಗೆ ಹಿಡಿದಿಡಬಹುದಾದದ್ದು ನಾಲ್ಕಾರು ಸಂಗತಿ ಮಾತ್ರ. ಮಗ್ಗಿ ಬಾಯಿಗೆ ಬಂದಿದ್ದರೆ ಆ ಜಾಗ ಖಾಲಿ ಇರುತ್ತದೆ, ಯೋಚನೆಗೆ ಸಿಗುತ್ತದೆ. ಇಂಥ ಹೊತ್ತಲ್ಲಿ ಯಂತ್ರ ಪ್ರತಿದಿನ ಆಸರೆಗೆ ನಿಂತರೆ ನೆನಪು ಗಟ್ಟಿಯಾಗಲು ಬೇಕಾದ ತಿಕ್ಕಾಟವೇ ತಪ್ಪಿಹೋಗುತ್ತದೆ. ಇದು ನನ್ನ ಓದು, ಆ ಸಂಶೋಧಕರ ಮಾತಲ್ಲ. ನಮ್ಮಲ್ಲೂ ಸರ್ಕಾರಿ ಶಾಲೆಯ ಮಗು ಮೂರನೇ ತರಗತಿಯವರೆಗೆ ನಲಿಕಲಿಯ ಕಾರ್ಡು, ಗುಂಪು ಚಟುವಟಿಕೆಗಳಲ್ಲಿ ಬೆಳೆದು, ನಾಲ್ಕಕ್ಕೆ ಬಂದಾಗ ಪಠ್ಯಪುಸ್ತಕ, ಕರಿಹಲಗೆಯ ಲೋಕಕ್ಕೆ ಬೀಳುತ್ತದೆ. ಅದೇ ಹೊಸ್ತಿಲು.

ಇನ್ನು ಇಂಗ್ಲೆಂಡಿನ ಒಂದು ಪ್ರಯೋಗ. ಅದೇ 1986ರಲ್ಲಿ ಹಿಲರಿ ಶುವಾರ್ಡ್ ಎಂಬ ಗಣಿತ ಶಿಕ್ಷಣ ತಜ್ಞೆ ಕೆಲವು ಶಾಲೆಗಳಲ್ಲಿ ಎಲ್ಲರೂ ಹೆದರುವಂಥ ಕೆಲಸಕ್ಕೆ ಕೈಹಾಕಿದರು. ಆರು ವರ್ಷದ ಮಕ್ಕಳಿಗೇ ಕ್ಯಾಲ್ಕುಲೇಟರ್ ಕೊಟ್ಟು, ಯಾವಾಗ ಬೇಕಾದರೂ ಬಳಸಿ ಎಂದರು. ಶಿಕ್ಷಕರಿಗೆ ಹಾಕಿದ ಷರತ್ತು ಇನ್ನೂ ವಿಚಿತ್ರ: ಒಂದರ ಕೆಳಗೊಂದು ಬರೆದು ಕೂಡುವ, ಕಳೆಯುವ ವಿಧಾನವನ್ನು ಕಲಿಸಲೇ ಕೂಡದು. ಮಕ್ಕಳು ಸೋಮಾರಿಗಳಾದರೇ? 3ರಲ್ಲಿ 5 ಕಳೆದು ನೋಡಿ ಋಣಸಂಖ್ಯೆ ಕಂಡು ಬೆರಗಾದರು, ಭಾಗಿಸಿ ನೋಡಿ ದಶಮಾಂಶ ಕಂಡರು, ದೊಡ್ಡ ಸಂಖ್ಯೆಗಳ ಜೊತೆ ಆಡಿದರು, ಬಾಯಿಲೆಕ್ಕಕ್ಕೆ ತಮ್ಮದೇ ದಾರಿ ಹುಡುಕಿಕೊಂಡರು. ಕೇಂಬ್ರಿಜ್‌ನ ಕೆನೆತ್ ರುತ್ವೆನ್ 1990ರ ದಶಕದಲ್ಲಿ ಆ ಶಾಲೆಗಳ ಮುಂದಿನ ಮಕ್ಕಳನ್ನು ಬೇರೆ ಶಾಲೆಯವರ ಜೊತೆ ಹೋಲಿಸಿ ನೋಡಿದಾಗ, ಕ್ಯಾಲ್ಕುಲೇಟರ್ ಶಾಲೆಯ ಮಕ್ಕಳೇ ಹೆಚ್ಚಾಗಿ ತಲೆಯಲ್ಲಿ ಲೆಕ್ಕ ಮಾಡುತ್ತಿದ್ದರು.

ಇದನ್ನು ಓದಿ ಹಿಗ್ಗುವ ಮೊದಲು ನೆನಪಿರಲಿ, ಆ ಶಾಲೆಗಳಲ್ಲಿ ಕ್ಯಾಲ್ಕುಲೇಟರ್ ಒಂದೇ ಬದಲಾಗಿರಲಿಲ್ಲ. ಶಿಕ್ಷಕರು ಬಾಯಿಲೆಕ್ಕಕ್ಕೆ ದಿನವೂ ಸಮಯ ಕೊಟ್ಟರು, "ಹೇಗೆ ಮಾಡಿದೆ?" ಎಂದು ಮಕ್ಕಳನ್ನು ಮಾತಾಡಿಸಿದರು, ಹಿಂದೆ ಸಲಹೆಗಾರರಿದ್ದರು. ಒಬ್ಬರೇ ಶಿಕ್ಷಕರು ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ಬಿಸಿಯೂಟದ ಲೆಕ್ಕವನ್ನೂ ನೋಡಿಕೊಳ್ಳುವ ನಮ್ಮ ಹಳ್ಳಿ ಶಾಲೆಗೆ ಅದನ್ನು ಹಾಗೇ ಎತ್ತಿ ತರಲಾಗದು.

ರಾಜಕೀಯ ಬೇರೆಯೇ ದಾರಿ ಹಿಡಿಯಿತು. ಇಂಗ್ಲೆಂಡ್ ಸರ್ಕಾರ ಪ್ರಾಥಮಿಕ ಹಂತದ ಕೊನೆಯಲ್ಲಿ ಹನ್ನೊಂದು ವರ್ಷದ ಮಕ್ಕಳಿಗೆ ಕೊಡುವ ರಾಷ್ಟ್ರೀಯ ಪರೀಕ್ಷೆಯಿಂದ 2014ರಲ್ಲಿ ಕ್ಯಾಲ್ಕುಲೇಟರ್ ಪತ್ರಿಕೆಯನ್ನೇ ತೆಗೆದುಹಾಕಿತು. ಶಿಕ್ಷಣ ಖಾತೆಯಲ್ಲಿದ್ದು ಇದನ್ನು ಪ್ರಕಟಿಸಿದವರು, ಮುಂದೆ ಅಲ್ಪಕಾಲ ಪ್ರಧಾನಿಯಾದ ಲಿಜ್ ಟ್ರಸ್. ಅಲ್ಲಿಯ ಮಂತ್ರಿಗಳು ಮಾತುಮಾತಿಗೆ ಮಾದರಿಯೆಂದು ತೋರಿಸುತ್ತಿದ್ದ ಸಿಂಗಪುರ ಅಷ್ಟರಲ್ಲಿ ತದ್ವಿರುದ್ಧ ಹೆಜ್ಜೆ ಇಟ್ಟಾಗಿತ್ತು. ಅಲ್ಲಿ ಆರನೇ ತರಗತಿಯ ಕೊನೆಗೆ ನಡೆಯುವ ಪಿಎಸ್‌ಎಲ್‌ಇ ಪರೀಕ್ಷೆಯ ಗಣಿತಕ್ಕೆ 2009ರಿಂದ ಎರಡು ಪತ್ರಿಕೆ: ಮೊದಲನೆಯದಕ್ಕೆ ಕ್ಯಾಲ್ಕುಲೇಟರ್ ಮುಟ್ಟುವಂತಿಲ್ಲ, ಎರಡನೆಯದಕ್ಕೆ ಬಳಸಬಹುದು. ತರಗತಿಯಲ್ಲಿ ಅದು ಕಾಲಿಡುವುದು ಐದನೇ ವರ್ಷದಲ್ಲಿ. ಕೈಲೆಕ್ಕ ಬರುತ್ತದೆಯೇ ಎಂಬ ಪ್ರಶ್ನೆಯನ್ನೂ, ಸಮಸ್ಯೆಯನ್ನು ಅರ್ಥಮಾಡಿಕೊಂಡು ಬಿಡಿಸಬಲ್ಲಿರಾ ಎಂಬ ಪ್ರಶ್ನೆಯನ್ನೂ ಸಿಂಗಪುರ ಬೇರೆ ಬೇರೆಯಾಗಿ ಕೇಳುತ್ತದೆ. ನಾವು ಎರಡನ್ನೂ ಒಂದೇ ಪತ್ರಿಕೆಯಲ್ಲಿ ಕಲಸಿ, ಯಾವುದರಲ್ಲಿ ಎಡವಿದರೂ ಒಂದೇ ಸೊನ್ನೆ ಕೊಡುತ್ತೇವೆ.

ಈ ಕಲಸುವಿಕೆಯ ಒಂದು ತಮಾಷೆಯ ಫಲ ನಮ್ಮ ಗಣಿತ ಪುಸ್ತಕಗಳಲ್ಲಿದೆ. ವೃತ್ತದ ತ್ರಿಜ್ಯ ಯಾವಾಗಲೂ 7, 14, 21, ಹೆಚ್ಚೆಂದರೆ 3.5. ಪೈ ಬೆಲೆಯನ್ನು 22/7 ಎಂದು ಹಿಡಿಯುವುದರಿಂದ ಏಳು ಹೊಡೆದುಹೋಗಲಿ ಎಂದು. ವರ್ಗಮೂಲ ಸರಿಯಾಗಿ ಬರುವ ಸಂಖ್ಯೆ, ಶೇಷವಿಲ್ಲದ ಭಾಗಾಕಾರ, ನೂರಕ್ಕೆ ಹತ್ತರ ಬಡ್ಡಿ. ಉತ್ತರ ವಿಕಾರವಾಗಿ ಬಂದರೆ ಎಲ್ಲೋ ತಪ್ಪಿದೆ ಎಂದು ಊಹಿಸುವುದನ್ನು ನಾವೆಲ್ಲ ಕಲಿತೆವು. ಪರೀಕ್ಷೆಯ ಮಟ್ಟಿಗೆ ಆ ಊಹೆ ಸರಿಯೂ ಇರುತ್ತಿತ್ತು. ಹೊರಗೆ ಯಾವ ಬಾವಿಯ ಸುತ್ತಳತೆಯೂ ಏಳರ ಮಗ್ಗಿಯಲ್ಲಿ ಇರುವುದಿಲ್ಲ. ಡೇರಿಗೆ ಹಾಲು ಹಾಕಿ ಬಂದ ಅಪ್ಪನ ಚೀಟಿಯಲ್ಲಿ 4.6 ಲೀಟರ್ ಎಂದಿರುತ್ತದೆ. ಲೀಟರಿಗೆ 33 ರೂಪಾಯಿ 50 ಪೈಸೆ ಎಂದಿಟ್ಟುಕೊಳ್ಳಿ. ಐದನೇ ತರಗತಿಯ ಮಗು ಇದನ್ನು ಕೈಯಲ್ಲಿ ಗುಣಿಸುತ್ತ ಕೂತರೆ ಒಂದು ಪೀರಿಯಡ್ಡು ಒಂದು ದಿನದ ಹಾಲಿಗೇ ಮುಗಿಯುತ್ತದೆ. ಕ್ಯಾಲ್ಕುಲೇಟರ್ ಇದ್ದರೆ ಒಂದು ತಿಂಗಳ ಚೀಟಿಗಳನ್ನೆಲ್ಲ ತಂದು, ಯಾವ ವಾರ ಹಾಲು ಇಳಿಯಿತು, ಹಿಂಡಿಯ ಖರ್ಚು ಕಳೆದು ಕೈಗೆ ಎಷ್ಟು ಉಳಿಯಿತು ಎಂದು ಕೇಳಬಹುದು. ಎರಡನೆಯದು ಹೆಚ್ಚು ಗಣಿತ ಎಂದು ನನ್ನ ಅಭಿಪ್ರಾಯ.

ಆದರೆ ಅಲ್ಲೂ ನಮ್ಮ ಸೊನ್ನೆ ಕಾದು ಕೂತಿದೆ. 4.6 ಗುಣಿಸು 33.5 ಒತ್ತುವಾಗ ಬಿಂದುವೊಂದು ಬಿಟ್ಟುಹೋದರೆ ಪರದೆಯ ಮೇಲೆ 154.1ರ ಬದಲು 1541 ಬರುತ್ತದೆ. ಐದು ಲೀಟರಿಗೂ ನೂರೆಪ್ಪತ್ತು ದಾಟುವುದಿಲ್ಲವಲ್ಲ ಎಂದು ಹೊಳೆಯದ ಮಗು ಸಾವಿರದೈನೂರು ರೂಪಾಯಿಯನ್ನು ನೆಮ್ಮದಿಯಾಗಿ ಬರೆದುಕೊಳ್ಳುತ್ತದೆ. ಮಕ್ಕಳನ್ನೇ ಏಕೆ ದೂರಬೇಕು? ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಬೇಕೆಂದೇ ತಪ್ಪು ಉತ್ತರ ಕೊಡುವ ಕ್ಯಾಲ್ಕುಲೇಟರ್ ಕೊಟ್ಟಿದ್ದರು. ಉತ್ತರ ತೀರಾ ಅಸಂಬದ್ಧವಾಗುವ ತನಕ ಬಹುತೇಕರಿಗೆ ಅನುಮಾನವೇ ಬರಲಿಲ್ಲ.

ಅನುಮಾನ ಪಡುವ ಈ ಗುಣಕ್ಕೆ ನಮ್ಮಲ್ಲಿ ಒಳ್ಳೆಯ ಹೆಸರಿದೆ, ಅಂದಾಜು. ಸಂತೆಯಲ್ಲಿ ಅದು ಹೇರಳ, ಶಾಲೆಯಲ್ಲಿ ಅಪರೂಪ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಜೊತೆಗಾರರು 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಎದೆಗೆ ನಾಟುವಂತೆ ತೋರಿಸಿತು. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ 1,436 ಮಕ್ಕಳು ತರಕಾರಿಯ ತೂಕ, ದರ, ಚಿಲ್ಲರೆಯ ಜಟಿಲ ಲೆಕ್ಕವನ್ನು ತಲೆಯಲ್ಲೇ ಸರಾಗವಾಗಿ ಮಾಡುತ್ತಿದ್ದರು. ಅಷ್ಟೇ ಕಷ್ಟದ, ಅಥವಾ ಅದಕ್ಕಿಂತ ಸುಲಭದ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಬರೆದು ಕೊಟ್ಟಾಗ ತೊಡರಿಕೊಂಡರು. ಹತ್ತಿರದ ಶಾಲೆಗಳಲ್ಲಿ ಓದುವ, ವ್ಯಾಪಾರ ಗೊತ್ತಿಲ್ಲದ 471 ಮಕ್ಕಳದ್ದು ಉಲ್ಟಾ ಕಥೆ. ಕಾಗದದ ಲೆಕ್ಕ ಮಾಡಿದರು, ಅಂಗಡಿಯ ಲೆಕ್ಕಕ್ಕೆ ನಿಂತುಬಿಟ್ಟರು.

ಕಿಲೋ 45 ರೂಪಾಯಿಯ ಈರುಳ್ಳಿ ಮುಕ್ಕಾಲು ಕಿಲೋ ಎಂದರೆ ಸಂತೆಯ ಹುಡುಗ 0.75ರಿಂದ ಗುಣಿಸುವುದಿಲ್ಲ. ಅರ್ಧಕ್ಕೆ ಇಪ್ಪತ್ತೆರಡೂವರೆ, ಕಾಲಿಗೆ ಹನ್ನೊಂದೂ ಕಾಲು, ಸೇರಿದರೆ ಮೂವತ್ಮೂರು ಮುಕ್ಕಾಲು. ನಮ್ಮ ಹಿರಿಯರು ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನೂ ಬಾಯಿಪಾಠ ಮಾಡುತ್ತಿದ್ದದ್ದು ಇದಕ್ಕೇ. ಆ ಮಗ್ಗಿಗಳು ಹೋದವು, ಅವುಗಳ ಜಾಗಕ್ಕೆ ಬಂದ ದಶಮಾಂಶದ ಪಾಠದಲ್ಲಿ ಬಿಂದು ಎಷ್ಟು ಮನೆ ಸರಿಯಬೇಕು ಎಂಬುದಷ್ಟೇ ಉಳಿಯಿತು. ನಮ್ಮ ಬೀದಿಯ ದಿನಸಿ ಅಂಗಡಿಯಾತ ಗಿರಾಕಿಯ ಕಣ್ಣೆದುರೇ ದೊಡ್ಡ ಗುಂಡಿಗಳ ಕ್ಯಾಲ್ಕುಲೇಟರ್ ಒತ್ತುತ್ತಾನೆ. ಒತ್ತುವ ಮುಂಚೆಯೇ ಅವನ ತಲೆಯಲ್ಲಿ ಮೊತ್ತ ಕೂತಿರುತ್ತದೆ, ಒತ್ತುವುದು ನಮ್ಮ ಸಮಾಧಾನಕ್ಕೆ. ಬಂದ ಉತ್ತರ ಅವನ ಮನಸ್ಸಿನದಕ್ಕಿಂತ ಬಹಳ ದೂರವಿದ್ದರೆ "ಇರಿ ಸಾರ್" ಎಂದು ಮತ್ತೆ ಮೊದಲಿಂದ ಒತ್ತುತ್ತಾನೆ. ಆ "ಇರಿ ಸಾರ್" ಕಲಿಸುವ ಪಾಠ ನಮ್ಮ ಯಾವ ತರಗತಿಯಲ್ಲಿದೆ?

ಇಲ್ಲೊಂದು ಅಡ್ಡಮಾತು. ಕ್ಯಾಲ್ಕುಲೇಟರ್ ಎಂದರೆ ಮುಖ ಸಿಂಡರಿಸುವ ಅದೇ ತಂದೆತಾಯಿ ಬೆಂಗಳೂರಿನಲ್ಲಿ ಸಾವಿರಾರು ರೂಪಾಯಿ ಕೊಟ್ಟು ಮಕ್ಕಳನ್ನು ಅಬಾಕಸ್ ತರಗತಿಗೆ ಕಳಿಸುತ್ತಾರೆ. ಬೆರಳಾಡಿಸಿ ಹತ್ತು ಸಂಖ್ಯೆಗಳನ್ನು ಕ್ಷಣದಲ್ಲಿ ಕೂಡುವುದು ನೋಡಲು ಚೆಂದವೇ. ಆದರೆ ಯಾವಾಗ ಕೂಡಬೇಕು, ಯಾವಾಗ ಭಾಗಿಸಬೇಕು ಎಂಬುದನ್ನು ಮಣಿಯೂ ಹೇಳಿಕೊಡುವುದಿಲ್ಲ, ಗುಂಡಿಯೂ ಹೇಳಿಕೊಡುವುದಿಲ್ಲ.

ಹಾಗಾದರೆ ಏನು ಮಾಡಬಹುದು? ಇಂಗ್ಲೆಂಡಿನ ಎಜುಕೇಷನ್ ಎಂಡೋಮೆಂಟ್ ಫೌಂಡೇಶನ್ 2017ರಲ್ಲಿ ಅಲ್ಲಿವರೆಗಿನ ಪುರಾವೆಗಳನ್ನೆಲ್ಲ ಜರಡಿ ಹಿಡಿದು ಹೇಳಿದ್ದು ಸರಳ: ಬಳಕೆಯಿಂದ ಸಾಮಾನ್ಯವಾಗಿ ಕೈಲೆಕ್ಕ ಕೆಡುವುದಿಲ್ಲ, ಪ್ರಾಥಮಿಕ ಶಾಲೆಯಲ್ಲಿ ದಿನಾ ಬೇಡ, ಯಾವಾಗ ಬೇಕು ಯಾವಾಗ ಬೇಡ ಎಂದು ಮಗುವೇ ತೀರ್ಮಾನಿಸುವುದನ್ನು ಕಲಿಸಿ. ನನ್ನ ಲೆಕ್ಕದಲ್ಲಿ ಒಂದರಿಂದ ಮೂರನೇ ತರಗತಿಯವರೆಗೆ ಇದರ ಗೊಡವೆಯೇ ಬೇಡ. ಕಡ್ಡಿ, ಕಾಳು, ಮಣಿಚೌಕಟ್ಟು, ಮಗ್ಗಿ ಸಾಕು. ನಾಲ್ಕು ಮತ್ತು ಐದರಲ್ಲಿ ವಾರಕ್ಕೊಂದು ಪೀರಿಯಡ್ಡು, ಇಬ್ಬರಿಗೊಂದು, ನಾಲ್ಕೇ ಕ್ರಿಯೆಯ ಅಗ್ಗದ ಯಂತ್ರ. ಕಟ್ಟುನಿಟ್ಟಾದ ನಿಯಮ ಒಂದೇ ಇರಲಿ: ಒತ್ತುವ ಮೊದಲು ಅಂದಾಜನ್ನು ಸ್ಲೇಟಿನ ಮೇಲೆ ಬರೆಯಬೇಕು. ಡಿಸ್‌ಕ್ಯಾಲ್ಕುಲಿಯಾ, ಅಂದರೆ ಸಂಖ್ಯೆ ಮತ್ತು ಲೆಕ್ಕ ಕಲಿಯುವುದೇ ಕಷ್ಟವಾಗುವ ತೊಂದರೆ, ಇರುವ ಮಕ್ಕಳ ಮಾತು ಮಾತ್ರ ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು ನಿರ್ದಿಷ್ಟ ಕಲಿಕಾ ನ್ಯೂನತೆಗಳಲ್ಲಿ ಒಂದೆಂದು ಗುರುತಿಸಿದೆ. ಆ ಮಗುವಿಗೆ ವಾರಕ್ಕೊಂದು ದಿನ ಎಂಬ ಕಟ್ಟಳೆ ಹಾಕುವಂತಿಲ್ಲ.

ಕೊಟ್ಟ ಮೇಲೆ ಯಂತ್ರದ ಹುಚ್ಚಾಟಗಳೇ ಪಾಠವಾಗುತ್ತವೆ. ಅಗ್ಗದ ಕ್ಯಾಲ್ಕುಲೇಟರಿನಲ್ಲಿ 2 + 3 × 4 ಎಂದು ಸಾಲಾಗಿ ಒತ್ತಿದರೆ 20 ಬರುತ್ತದೆ, ಫೋನಿನಲ್ಲಿ 14. ಇಬ್ಬರು ಮಕ್ಕಳು ಜಗಳಕ್ಕೆ ನಿಲ್ಲುತ್ತಾರೆ, ಗುಣಾಕಾರ ಏಕೆ ಮೊದಲು ಎಂಬ ನಿಯಮಕ್ಕೆ ಅದಕ್ಕಿಂತ ಒಳ್ಳೆಯ ಪೀಠಿಕೆ ಸಿಗದು. ಮೇಜಿನ ಮೇಲಿಡುವ ಬಹಳಷ್ಟು ಮಾದರಿಗಳು ಮೂರು ಮೂರು ಅಂಕಿಗೆ ಅಲ್ಪವಿರಾಮ ಹಾಕಿ ಲಕ್ಷವನ್ನು 100,000 ಎಂದು ತೋರಿಸುತ್ತವೆ, ನಮ್ಮ ಪುಸ್ತಕದಲ್ಲಿ ಅದು 1,00,000. ಲಕ್ಷದ ಸ್ಥಾನಬೆಲೆ ಕಲಿಯುವ ವಯಸ್ಸಿನಲ್ಲಿ ಇದು ಗೊಂದಲವೂ ಹೌದು, ಮಾತಾಡಲು ವಿಷಯವೂ ಹೌದು. 1ನ್ನು 3ರಿಂದ ಭಾಗಿಸಿ, ಮತ್ತೆ 3ರಿಂದ ಗುಣಿಸಿದರೆ ಒಂದು ಬರಬೇಕಾದಲ್ಲಿ 0.9999999 ಬಂದಾಗ ಯಂತ್ರಕ್ಕೂ ಜಾಗದ ಮಿತಿ ಇದೆ ಎಂದು ಮಕ್ಕಳಿಗೆ ತಿಳಿಯುತ್ತದೆ.

ಇದೆಲ್ಲ ಆಗುವುದು ಶಿಕ್ಷಕರಿಂದ. ರಾಜ್ಯ ಸರ್ಕಾರ ಅಕ್ಷರ ಫೌಂಡೇಶನ್ ಎಂಬ ಸಂಸ್ಥೆಯ ಜೊತೆಗೂಡಿ ನಡೆಸಿದ 'ಗಣಿತ ಕಲಿಕಾ ಆಂದೋಲನ'ದ ಕಿಟ್ಟುಗಳು ಸರ್ಕಾರಿ ಶಾಲೆಗಳ ನಾಲ್ಕು, ಐದನೇ ತರಗತಿಗೆ ಬಂದವು. ಮಣಿಚೌಕಟ್ಟು, ಗಡಿಯಾರ, ಸ್ಥಾನಬೆಲೆಯ ಪಟ್ಟಿಗಳೆಲ್ಲ ಅದರಲ್ಲಿವೆ. ಮಕ್ಕಳ ಕೈಗೆ ಅದನ್ನು ಧಾರಾಳವಾಗಿ ಕೊಟ್ಟ ಶಿಕ್ಷಕರನ್ನು ಕಂಡಿದ್ದೇನೆ. ಇಂಥ ಸಾಮಗ್ರಿ ಏನೇ ಬಂದರೂ, ಒಡೆದರೆ ಸ್ಟಾಕ್ ರಿಜಿಸ್ಟರಿಗೆ ಏನು ಉತ್ತರ ಕೊಡುವುದು ಎಂದು ಬೀರುವಿನಲ್ಲಿಟ್ಟು ಬೀಗ ಹಾಕಿದವರನ್ನೂ ಕಂಡಿದ್ದೇನೆ. ಕ್ಯಾಲ್ಕುಲೇಟರ್ ಬಂದರೂ ಎರಡು ಜಾತಿಯ ಬೀರುಗಳು ಇದ್ದೇ ಇರುತ್ತವೆ. ಎಸ್ಸೆಸ್ಸೆಲ್ಸಿಯಲ್ಲಿ ಅಂದಾಜಿನ ಒಂದು ಪ್ರಶ್ನೆ, ಕ್ಯಾಲ್ಕುಲೇಟರ್ ಬಳಸಬಹುದಾದ ಒಂದು ಭಾಗ ಬಂದರೆ ಬೀರುವಿನ ಬೀಗ ತಾನಾಗಿ ತೆಗೆಯುತ್ತದೆ. ನಮ್ಮ ಶಾಲೆಗಳು ಪರೀಕ್ಷೆ ತೋರಿದ ದಿಕ್ಕಿಗೆ ನಡೆಯುತ್ತವೆ, ಸುತ್ತೋಲೆ ತೋರಿದ ದಿಕ್ಕಿಗಲ್ಲ.

ಅಕ್ಕನ ಮಗಳಿಗೆ ಆ ಸಂಜೆ ಫೋನು ವಾಪಸ್ ಕೊಟ್ಟೆ. "648 ಒತ್ತು. ಈಗ ಒಂದೇ ಒಂದು ಸಲ ಏನನ್ನಾದರೂ ಕಳೆದು ಆ 4 ಇದ್ದಲ್ಲಿ ಸೊನ್ನೆ ತರಿಸು. 6 ಮತ್ತು 8 ಅಲ್ಲಾಡಬಾರದು" ಎಂದೆ. ಥಟ್ಟನೆ 4 ಕಳೆದಳು. 644 ಬಂತು. "ಅಯ್ಯೋ, 8 ಹೋಯ್ತು!" ಎಂದು ಅಳಿಸಿ ಮತ್ತೆ 648 ಒತ್ತಿದಳು. ಈ ಸಲ ಬೆರಳು ಗುಂಡಿಯ ಮೇಲೆ ಸ್ವಲ್ಪ ಹೊತ್ತು ತೂಗಾಡಿತು. 40 ಒತ್ತಿದಳು. 608.

ನೋಟ್‌ಬುಕ್ಕು ಎಳೆದುಕೊಂಡು ಮಧ್ಯಾಹ್ನ ತುರುಕಿದ ಸೊನ್ನೆಯ ಮೇಲೆ ಬೆರಳಿಟ್ಟಳು. "ಮಾಮ, ಇಲ್ಲಿ ಹತ್ತುಗಳು ಇಲ್ಲ ಅಂತಲಾ ಇದು?"